ಎರಡನೇ ಒಲೆ ಇಟ್ಟರೆ ಮನೆ ಎರಡಾಗುತ್ತದೆ

ಒಂದು ಮನೆ ಎರಡಾಗುವುದು ಯಾವಾಗ? ಅಣ್ಣತಮ್ಮಂದಿರು ಬೇರೆಯಾದರು ಎನ್ನುವುದಕ್ಕೆ ಕನ್ನಡದಲ್ಲಿ ‘ಒಲೆ ಬೇರೆಯಾಯಿತು’ ಎಂದರೆ ಸಾಕು. ನಡುವೆ ಗೋಡೆ ಎದ್ದಿತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಸೋಜಿಗವೆಂದರೆ, ಅಮೆರಿಕದ ಅನೇಕ ನಗರಗಳ ವಲಯ ನಿಯಮಗಳೂ, ಅಂದರೆ ಊರಿನ ಯಾವ ಭಾಗದಲ್ಲಿ ಏನು ಕಟ್ಟಬಹುದೆಂದು ಹೇಳುವ ಕಟ್ಟಳೆಗಳೂ, ಹೆಚ್ಚುಕಡಿಮೆ ಇದೇ ಅಳತೆಗೋಲನ್ನು ಹಿಡಿದಿವೆ. ಮಲಗಲು, ಸ್ನಾನ ಮಾಡಲು, ಅಡುಗೆ ಮಾಡಲು ತನ್ನದೇ ವ್ಯವಸ್ಥೆಯಿರುವ ಕೋಣೆಗಳ ಗುಂಪನ್ನು ಅವು ಒಂದು ‘ವಾಸದ ಘಟಕ’ ಎಂದು ಲೆಕ್ಕ ಹಾಕುತ್ತವೆ. ಈ ಮೂರರಲ್ಲಿ ತಕರಾರು ಏಳುವುದು ಅಡುಗೆಯ ವಿಷಯದಲ್ಲಿ ಮಾತ್ರ. ನೆಲಮಾಳಿಗೆಯಲ್ಲಿ ಇನ್ನೊಂದು ಬಚ್ಚಲುಮನೆ ಕಟ್ಟಿಸಿಕೊಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಿಂಕು, ಫ್ರಿಜ್ಜು ಇಟ್ಟುಕೊಂಡರೂ ನಡೆದೀತು. ಒಲೆ ಬಂತೋ, ಅದು ಎರಡನೇ ಮನೆ. ‘ಒಂದು ನಿವೇಶನಕ್ಕೆ ಒಂದೇ ಮನೆ’ ಎಂಬ ವಲಯದಲ್ಲಿ ಎರಡನೇ ಮನೆ ಎಂದರೆ ನಿಯಮಭಂಗ. ಹಾಗಾಗಿ ಕೆಲವು ಊರುಗಳಲ್ಲಿ ತಪಾಸಣೆಗೆ ಬಂದವರು ಒಲೆಯನ್ನಷ್ಟೇ ನೋಡಿ ಹೋಗುವುದಿಲ್ಲ. ಒಲೆಯನ್ನು ಎತ್ತಿಡಬಹುದಲ್ಲ! ಗೋಡೆಯಿಂದ ಹೊರಬಂದ ಗ್ಯಾಸ್ ಕೊಳವೆಯನ್ನೋ ವಿದ್ಯುತ್ ಒಲೆಯಂಥವಕ್ಕೆಂದೇ ಅಲ್ಲಿ ಹಾಕಿಸುವ 220 ವೋಲ್ಟಿನ ಪ್ಲಗ್ಗನ್ನೋ ಹುಡುಕುತ್ತಾರೆ.

ಇದನ್ನು ಓದಿ ನಗುವುದು ಸುಲಭ. ಆದರೆ ‘ಕಡಿಮೆ ಸಾಂದ್ರತೆಯ ವಸತಿ ಪ್ರದೇಶ’ ಎಂದು ನಗರಯೋಜನೆಯ ನಕ್ಷೆಯಲ್ಲಿ ತೆಳು ಹಳದಿ ಬಳಿದ ಜಾಗಗಳ ಮರ್ಮವೆಲ್ಲ ಈ ಒಲೆಯ ಲೆಕ್ಕದಲ್ಲೇ ಅಡಗಿದೆ. ಹೆಸರು ಸಾಂದ್ರತೆಯದು. ಎಣಿಸುವುದು ಜನರನ್ನಲ್ಲ, ಕಟ್ಟಡದ ಗಾತ್ರವನ್ನೂ ಅಲ್ಲ, ಮನೆಗಳನ್ನು. ಆರು ಮಲಗುವ ಕೋಣೆಗಳ ಬಂಗಲೆಯಲ್ಲಿ ಇಬ್ಬರೇ ಇದ್ದರೂ ಅದು ಒಂದು. ಅದೇ ಬಂಗಲೆಯನ್ನು ಮೂರು ಪಾಲು ಮಾಡಿ ಮೂರು ಜೋಡಿ ಬಾಡಿಗೆದಾರರನ್ನು ಇಟ್ಟರೆ ಅದು ಮೂರು, ಅಂದರೆ ಸಾಂದ್ರತೆ ಮೂರು ಪಟ್ಟು. ಹೊರಗಿನಿಂದ ನೋಡುವವನಿಗೆ ಕಾಣುವ ವ್ಯತ್ಯಾಸ ಬಾಗಿಲ ಬಳಿಯ ಎರಡು ಹೆಚ್ಚುವರಿ ಅಂಚೆ ಪೆಟ್ಟಿಗೆ.

ಮನೆಗಳನ್ನೇ ಎಣಿಸೋಣ ಎಂದುಕೊಂಡರೂ ಯಾವ ನೆಲದಿಂದ ಭಾಗಿಸಬೇಕು ಎಂಬುದು ಇತ್ಯರ್ಥವಾಗಿರುವುದಿಲ್ಲ. ಒಂದು ಹೆಕ್ಟೇರಿನ ಬಡಾವಣೆ ಎಂದುಕೊಳ್ಳಿ. ರಸ್ತೆ, ಉದ್ಯಾನ ಎಂದು 35 ಶೇಕಡಾ ಹೋದರೆ ಉಳಿಯುವುದು 6,500 ಚದರ ಮೀಟರ್. 450 ಚದರ ಮೀಟರಿನ ನಿವೇಶನಗಳಾದರೆ ಹದಿನಾಲ್ಕು ಮನೆ. ಇಡೀ ಹೆಕ್ಟೇರಿಗೆ ಭಾಗಿಸಿದರೆ ಸಾಂದ್ರತೆ 14; ನಿವೇಶನಗಳ ನೆಲಕ್ಕಷ್ಟೇ ಭಾಗಿಸಿದರೆ 22ರ ಆಸುಪಾಸು. ಮೊದಲನೆಯದು ಒಟ್ಟು ಸಾಂದ್ರತೆ, ಎರಡನೆಯದು ನಿವ್ವಳ. ಬಡಾವಣೆ ಬೇಕೆನ್ನುವವರು ಮೊದಲನೆಯದನ್ನು ಹಿಡಿದು ಮಾತಾಡುತ್ತಾರೆ, ಬೇಡವೆನ್ನುವವರು ಎರಡನೆಯದನ್ನು. ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಇಬ್ಬರೂ ಸತ್ಯವನ್ನೇ ಹೇಳುತ್ತಾ ಒಬ್ಬರನ್ನೊಬ್ಬರು ಸುಳ್ಳರೆಂದು ಬೈದುಕೊಳ್ಳಲು ಇಷ್ಟು ಸಾಕು. ಇನ್ನು ಜನ? ಮನೆಗೆ ನಾಲ್ವರಿದ್ದ ಕಾಲದಲ್ಲಿ ಆ ಹೆಕ್ಟೇರಿನಲ್ಲಿ 56 ಮಂದಿ. ಮಕ್ಕಳು ಬೆಳೆದು ಊರು ಬಿಟ್ಟು ಮನೆಗಿಬ್ಬರು ಉಳಿದಾಗ 28. ಒಂದು ಇಟ್ಟಿಗೆಯೂ ಕದಲಿಲ್ಲ, ಬಸ್ಸಿಗೆ ಬರುವ ಪ್ರಯಾಣಿಕರು ಮಾತ್ರ ಅರ್ಧವಾದರು. ನಕ್ಷೆಯ ಬಣ್ಣಕ್ಕೆ ಇದು ಗೊತ್ತೇ ಆಗುವುದಿಲ್ಲ.

ಸಾಂದ್ರತೆಯ ಅಂಕಿ ಬರೆದಿಟ್ಟು ಸುಮ್ಮನಾಗುವ ನಗರಗಳು ಕಡಿಮೆ. ಅದರ ಸುತ್ತ ಬೇರೆ ನಿಯಮಗಳ ಬೇಲಿಯಿರುತ್ತದೆ: ನಿವೇಶನದ ಕನಿಷ್ಠ ಅಳತೆ, ರಸ್ತೆಗೆ ತಾಗಿದ ಮುಖದ ಕನಿಷ್ಠ ಅಗಲ, ನಾಲ್ಕೂ ಬದಿ ಬಿಡಬೇಕಾದ ಸೆಟ್‌ಬ್ಯಾಕ್, ಕಟ್ಟಡ ಆವರಿಸಬಹುದಾದ ನೆಲದ ಪಾಲು, ಎತ್ತರ, ನೆಲ ವಿಸ್ತೀರ್ಣದ ಅನುಪಾತ (ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದ್ದು) ಅಂದರೆ ಎಫ್‌ಎಆರ್, ಮನೆಗಿಷ್ಟು ಕಾರು ನಿಲ್ದಾಣ. ಇವೆಲ್ಲವೂ ಒಟ್ಟಿಗೆ ಕಚ್ಚುವುದಿಲ್ಲ. ಯಾವುದೋ ಒಂದು ಕಚ್ಚುತ್ತದೆ, ಉಳಿದವು ಮಲಗಿರುತ್ತವೆ. ಅದು ಯಾವುದೆಂದು ತಿಳಿಯಬೇಕಾದರೆ ಒಂದು ನಿವೇಶನವನ್ನು ಮುಂದಿಟ್ಟುಕೊಂಡು ಕಾಗದ ಪೆನ್ಸಿಲ್ ಹಿಡಿಯಬೇಕು.

ಹದಿನೈದು ಮೀಟರ್ ಅಗಲ, ಮೂವತ್ತು ಮೀಟರ್ ಉದ್ದದ ನಿವೇಶನ. ಮುಂದೆ ಆರು ಮೀಟರ್, ಹಿಂದೆ ಆರು, ಪಕ್ಕಗಳಲ್ಲಿ ಒಂದೂವರೆ ಬಿಟ್ಟರೆ ಕಟ್ಟಲು ಸಿಗುವ ಚೌಕಟ್ಟು 216 ಚದರ ಮೀಟರ್. ನೆಲದ 40 ಶೇಕಡಾ ಮಾತ್ರ ಆವರಿಸಬಹುದು ಎಂದರೆ 180. ಎರಡು ಮಹಡಿಗೆ 360 ಆಯಿತಲ್ಲ ಎಂದುಕೊಳ್ಳುವಷ್ಟರಲ್ಲಿ 0.5ರ ಎಫ್‌ಎಆರ್ ಅಡ್ಡ ಬರುತ್ತದೆ: ಒಟ್ಟು 225, ಅದರ ಮೇಲೆ ಒಂದಡಿಯೂ ಇಲ್ಲ. ಇಲ್ಲಿ ಕಚ್ಚುವ ಹಲ್ಲು ಎಫ್‌ಎಆರ್. ಈಗ ನಗರಸಭೆ ದೊಡ್ಡ ಮನಸ್ಸು ಮಾಡಿ ‘ಇನ್ನು ಮುಂದೆ ಇಲ್ಲಿ ಮೂರು ಮನೆ ಕಟ್ಟಬಹುದು’ ಎಂದು ಘೋಷಿಸಿತು, ಉಳಿದ ನಿಯಮಗಳನ್ನು ಹಾಗೆಯೇ ಬಿಟ್ಟಿತು ಎನ್ನಿ. ತಲಾ 75 ಚದರ ಮೀಟರಿನ ಮೂರು ಮನೆ. ಅದರಲ್ಲೇ ಮೆಟ್ಟಿಲಿಗೆ ಜಾಗ ಹೋಗಬೇಕು. ಮನೆಗೆರಡು ಕಾರಿನಂತೆ ಆರು ಕಾರುಗಳಿಗೆ ಸ್ಥಳ ತೋರಿಸಬೇಕು, ಮುಂದಿನ ಅಂಗಳದಲ್ಲಿ ನಿಲ್ಲಿಸುವಂತಿಲ್ಲ. ಹಿತ್ತಲಲ್ಲಿ ಆರು ಕಾರು ಸಾಲಾಗಿ ನಿಲ್ಲಲು ಐದು ಮೀಟರ್ ಆಳ, ತಿರುಗಿಸಿಕೊಳ್ಳಲು ಇನ್ನೂ ಆರು: ಹಿಂದಿನ ಹನ್ನೊಂದು ಮೀಟರ್ ಪೂರ್ತಿ ಸಿಮೆಂಟು. ಅಲ್ಲಿಗೆ ಹೋಗಲು ಪಕ್ಕದಲ್ಲಿ ಮೂರು ಮೀಟರಿನ ದಾರಿ. ಕೂಡಿಸಿ ನೋಡಿದರೆ ಕಾರುಗಳ ಪಾಲಿಗೆ 222 ಚದರ ಮೀಟರ್. ಮೂರು ಸಂಸಾರಗಳಿಗೆ ಎಲ್ಲ ಮಹಡಿಗಳೂ ಸೇರಿ ಸಿಕ್ಕಿದ್ದು 225!

ಕಟ್ಟುವವನು ದಡ್ಡನಲ್ಲ. ಮೂರು ಅಡುಗೆಮನೆ, ಮೂರು ವಿದ್ಯುತ್ ಮೀಟರ್, ಮೂರು ಬಾಗಿಲುಗಳ ತಾಪತ್ರಯ ಯಾರಿಗೆ ಬೇಕು ಎಂದು ಅದೇ 225ರಲ್ಲಿ ಒಂದೇ ದೊಡ್ಡ ಮನೆ ಕಟ್ಟಿ ಮಾರುತ್ತಾನೆ. ಮೂರು ಮನೆಗೆ ಅನುಮತಿಯಿತ್ತು ಎಂಬ ಮಾತು ಗೆಜೆಟ್ಟಿನಲ್ಲಿ ತಣ್ಣಗೆ ಕುಳಿತಿರುತ್ತದೆ.

ಈ ಬೇಲಿಯನ್ನು ಮೊದಲು ಹಾಕಿದ್ದು ಯಾಕೆ ಎಂಬುದರ ಇತಿಹಾಸ ಅಷ್ಟೇನೂ ಚೆಂದವಿಲ್ಲ. ನಗರವನ್ನು ವಲಯಗಳಾಗಿ ಸೀಳಿ ಒಂದೊಂದಕ್ಕೆ ಒಂದೊಂದು ಕಟ್ಟಡ ನಿಯಮ ಮಾಡುವ ಪದ್ಧತಿ ಜರ್ಮನಿಯದು. ಫ್ರಾಂಕ್‌ಫರ್ಟ್ 1891ರಲ್ಲೇ ಅದನ್ನು ಜಾರಿಗೆ ತಂದಿತ್ತು. ಆದರೆ ಒಂದೇ ಕುಟುಂಬದ ಬಿಡಿ ಮನೆಗಳಿಗೆಂದೇ ಒಂದು ವಲಯ ಎಂಬುದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1916ರಲ್ಲಿ ಬಂದದ್ದು. ಮರುವರ್ಷ, 1917ರಲ್ಲಿ, ಕರಿಯರು ಇಂಥಲ್ಲಿ ವಾಸಿಸಬಾರದು ಎಂಬ ಲೂಯಿವಿಲ್ ನಗರದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಬಣ್ಣ ಹೇಳಿ ಜನರನ್ನು ಹೊರಗಿಡುವ ನೇರ ದಾರಿ ಮುಚ್ಚಿತು. ನಿವೇಶನದ ಅಳತೆ ಹೇಳಿ ಹೊರಗಿಡುವ ದಾರಿ ತೆರೆದೇ ಇತ್ತು. ದೊಡ್ಡ ನಿವೇಶನ ಕೊಳ್ಳಲಾರದವನನ್ನು ‘ನೀನು ಬರಬೇಡ’ ಎಂದು ಯಾರೂ ಹೇಳಬೇಕಾಗಿಲ್ಲ. ಎಲ್ಲ ಊರುಗಳ ಎಲ್ಲ ನಿಯಮಗಳ ಹಿಂದೆಯೂ ಇದೇ ದುರುದ್ದೇಶವಿತ್ತು ಎಂದರೆ ಅನ್ಯಾಯವಾದೀತು. ಬರ್ಕ್ಲಿಯ ನಗರಸಭೆ ಮಾತ್ರ 2021ರಲ್ಲಿ ತನ್ನ ವಲಯ ನಿಯಮದ ಜನಾಂಗೀಯ ಹಿನ್ನೆಲೆಯನ್ನು ತಾನೇ ಒಪ್ಪಿಕೊಂಡು ನಿರ್ಣಯ ಮಾಡಿತು.

ಕಾನೂನಿನ ಮುದ್ರೆ ಬಿದ್ದದ್ದು 1926ರಲ್ಲಿ. ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಎಂಬ ಪುಟ್ಟ ಊರು ತನ್ನ ನೆಲವನ್ನು ಆರು ಬಗೆಯ ಬಳಕೆಗಳಾಗಿ ವಿಂಗಡಿಸಿತ್ತು. ಮೊದಲ ದರ್ಜೆ ಒಂಟಿ ಮನೆಗಳಿಗೆ, ಎರಡನೆಯದು ಜೋಡಿ ಮನೆಗಳಿಗೆ, ಅಪಾರ್ಟ್‌ಮೆಂಟುಗಳು ಮೂರನೆಯದಕ್ಕೆ. 68 ಎಕರೆ ಹಿಡಿದುಕೊಂಡಿದ್ದ ಆಂಬ್ಲರ್ ರಿಯಾಲ್ಟಿ ಎಂಬ ಕಂಪನಿ ಕೋರ್ಟಿಗೆ ಹೋಯಿತು, ಸೋತಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್, ಇಂಥ ಬಡಾವಣೆಗೆ ಬರುವ ಅಪಾರ್ಟ್‌ಮೆಂಟನ್ನು ‘ಪರಾವಲಂಬಿ’ ಎಂದು ಕರೆದರು: ಅಕ್ಕಪಕ್ಕದ ಬಿಡಿ ಮನೆಗಳವರು ಬಿಟ್ಟ ಬಯಲು, ಅವರು ಉಳಿಸಿದ ಬೆಳಕು, ಇವನ್ನು ಉಂಡು ಬದುಕುವ ಗಿಡ ಎಂಬರ್ಥದಲ್ಲಿ. ಕಂಪನಿಯ ಮುಖ್ಯ ಅಳಲು ಕಾರ್ಖಾನೆಯ ಜಮೀನಿನ ಬೆಲೆಯದಾಗಿತ್ತು, ಕೋರ್ಟಿನ ಸಿಟ್ಟು ಇಳಿದದ್ದು ಬಾಡಿಗೆ ಮನೆಗಳ ಮೇಲೆ. ಒಂದು ಶತಮಾನ ಕಾಲ ನಗರಗಳು ಆ ಮಾತಿನ ನೆರಳಿನಲ್ಲೇ ನಕ್ಷೆ ಬರೆದವು.

ಮನೆಯನ್ನು ಎಣಿಸುವುದು ಸಾಲದಾದಾಗ ಕುಟುಂಬವನ್ನು ಎಣಿಸಲು ಹೊರಟರು. ‘ಒಂದು ಕುಟುಂಬದ ಮನೆ’ ಎಂದು ಬರೆದ ಮೇಲೆ ಕುಟುಂಬ ಎಂದರೇನು ಎಂದೂ ಬರೆಯಬೇಕಲ್ಲ. ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಎಂಬ ಹಳ್ಳಿ, ರಕ್ತ ಅಥವಾ ಮದುವೆಯ ಸಂಬಂಧವಿಲ್ಲದವರಾದರೆ ಇಬ್ಬರಿಗಿಂತ ಹೆಚ್ಚು ಜನ ಒಂದು ಮನೆಯಲ್ಲಿ ಇರಕೂಡದು ಎಂದಿತು. ಆರು ವಿದ್ಯಾರ್ಥಿಗಳಿಗೆ ಮನೆ ಬಾಡಿಗೆಗೆ ಕೊಟ್ಟವರು ಸಿಕ್ಕಿಬಿದ್ದರು. 1974ರಲ್ಲಿ ಸುಪ್ರೀಂ ಕೋರ್ಟ್ ಹಳ್ಳಿಯ ಪರ ನಿಂತಿತು. ವಿಶಾಲ ಅಂಗಳ, ಕಡಿಮೆ ಜನ, ಮಿತವಾದ ವಾಹನ ಇರುವ ಶಾಂತ ತಾಣವನ್ನು ಬಯಸುವುದು ನ್ಯಾಯವೇ ಎಂದಿತು.

ಮೂರೇ ವರ್ಷಕ್ಕೆ ಅದೇ ಕೋರ್ಟಿನ ಮುಂದೆ ಒಬ್ಬ ಅಜ್ಜಿ ಬಂದು ನಿಂತರು. ಕ್ಲೀವ್‌ಲ್ಯಾಂಡಿನದೇ ಇನ್ನೊಂದು ಉಪನಗರ ಈಸ್ಟ್ ಕ್ಲೀವ್‌ಲ್ಯಾಂಡ್. ಅಲ್ಲಿನ ಐನೆಜ್ ಮೂರ್ ಅವರ ಮನೆಯಲ್ಲಿ ಒಬ್ಬ ಮಗ, ಅವನ ಮಗ, ಜೊತೆಗೆ ಇನ್ನೊಬ್ಬ ಮಗನ ಮಗನೂ ಇದ್ದ. ತಾಯಿ ತೀರಿಕೊಂಡ ಆ ಕೂಸು ಅಜ್ಜಿಯ ಮಡಿಲು ಸೇರಿತ್ತು. ಊರಿನ ವಸತಿ ನಿಯಮದ ಪ್ರಕಾರ ಅಜ್ಜಿಯ ಜೊತೆ ಒಬ್ಬ ಮಗ ಮತ್ತು ಅವನ ಮಕ್ಕಳು ಇರಬಹುದು. ಇಬ್ಬರು ಗಂಡುಮಕ್ಕಳ ಮಕ್ಕಳು ಒಂದೇ ಸೂರಿನಡಿ ಇರಕೂಡದು. ಅಂದರೆ ಒಬ್ಬ ಮೊಮ್ಮಗ ಕುಟುಂಬದವನು, ಅವನ ದೊಡ್ಡಪ್ಪ ಚಿಕ್ಕಪ್ಪನ ಮಗ ಅಕ್ರಮ ವಾಸಿ! 1973ರಲ್ಲಿ ನೋಟಿಸು ಬಂತು. ಮಗುವನ್ನು ಹೊರಗೆ ಕಳಿಸಲು ಅಜ್ಜಿ ಒಪ್ಪಲಿಲ್ಲ. ಐದು ದಿನ ಜೈಲು, 25 ಡಾಲರ್ ದಂಡ ವಿಧಿಸಲಾಯಿತು. 1977ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು, ಅದೂ ಐದು-ನಾಲ್ಕರ ಕೂದಲೆಳೆ ಅಂತರದಲ್ಲಿ. ಈಸ್ಟ್ ಕ್ಲೀವ್‌ಲ್ಯಾಂಡ್ ಕೊಟ್ಟ ಸಮರ್ಥನೆ ಏನು ಗೊತ್ತೇ? ಜನಜಂಗುಳಿ, ವಾಹನ ದಟ್ಟಣೆ, ಶಾಲೆಗಳ ಮೇಲಿನ ಹೊರೆ. ಸಾಂದ್ರತೆಯ ಮಾತೇ. ಆದರೆ ಒಬ್ಬನೇ ಮಗನಿಗೆ ಎಂಟು ಮಕ್ಕಳಿದ್ದಿದ್ದರೆ ಆ ನಿಯಮ ಚಕಾರ ಎತ್ತುತ್ತಿರಲಿಲ್ಲ.

ರಕ್ತಸಂಬಂಧವಿಲ್ಲದವರ ಪಾಡು ಮಾತ್ರ ಬೆಲ್ ಟೆರ್ ತೀರ್ಪಿಗೇ ಕಟ್ಟುಬಿದ್ದಿದೆ. ರಾಜ್ಯಗಳು ಒಂದೊಂದಾಗಿ ಕಾನೂನು ಮಾಡಿ ಇಂಥ ಮಿತಿಗಳನ್ನು ತೆಗೆಯಬೇಕಾಗಿದೆ. ಕೊಲರಾಡೊ 2024ರಲ್ಲಿ ತೆಗೆಯಿತು.

ಬೇರೆ ದಾರಿ ಇಲ್ಲವೆಂದಲ್ಲ. ಜಪಾನಿನಲ್ಲೂ ತಗ್ಗು ಮನೆಗಳ ವಲಯವಿದೆ, ಅದರ ಕಟ್ಟುನಿಟ್ಟು ಬೇರೆ ಬಗೆಯದು. ವಲಯಗಳ ಬಗೆಗಳನ್ನು ಇಡೀ ದೇಶಕ್ಕೆ ಒಂದೇ ಕಾನೂನು ಹೇಳುತ್ತದೆ, ಈಗ ಒಟ್ಟು ಹದಿಮೂರು. ಅವುಗಳಲ್ಲಿ ಅತಿ ಬಿಗಿಯಾದುದು ಮೊದಲ ದರ್ಜೆಯ ತಗ್ಗು ವಸತಿ ವಲಯ: ಎತ್ತರ 10 ಅಥವಾ 12 ಮೀಟರ್ ಮೀರಬಾರದು, ಆವರಿಸುವ ನೆಲ 30ರಿಂದ 60 ಶೇಕಡಾ, ಎಫ್‌ಎಆರ್ ಅರ್ಧದಿಂದ ಎರಡರ ತನಕ. ನೆರೆಮನೆಯ ಮೇಲೆ ನೆರಳು ಎಷ್ಟು ಹೊತ್ತು ಬೀಳಬಹುದು ಎಂಬುದಕ್ಕೂ ಲೆಕ್ಕವಿದೆ. ಆದರೆ ಆ ಚೌಕಟ್ಟಿನೊಳಗೆ ಎಷ್ಟು ಮನೆ, ಎಷ್ಟು ಒಲೆ ಎಂದು ವಲಯದ ನಿಯಮ ಕೇಳುವುದಿಲ್ಲ. ಎರಡು ಮಹಡಿಯ ಸಣ್ಣ ಅಪಾರ್ಟ್‌ಮೆಂಟ್ ಇರಬಹುದು. ಮನೆಯ ಒಂದು ಭಾಗದಲ್ಲಿ 50 ಚದರ ಮೀಟರ್ ಒಳಗಿನ ಅಂಗಡಿಯೂ ಇರಬಹುದು, ಮನೆಯ ಅರ್ಧಕ್ಕಿಂತ ಕಡಿಮೆ ಜಾಗ ಹಿಡಿದರೆ ಸರಿ. ನೆರೆಯವನಿಗೆ ತಾಗುವುದನ್ನು ಅಳೆ, ತಾಗದ್ದನ್ನು ಬಿಡು ಎಂಬ ಈ ಧೋರಣೆ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಜರ್ಮನಿ ನಡುದಾರಿಯಲ್ಲಿದೆ. 1962ರ ಕಟ್ಟಡ ಬಳಕೆ ನಿಯಮದಲ್ಲಿ ‘ಶುದ್ಧ ವಸತಿ ಪ್ರದೇಶ’ ಎಂಬ ದರ್ಜೆಯಿದೆ. ಆ ಶುದ್ಧತೆ ಎಲ್ಲಿಯವರೆಗೆ ಹೋಯಿತೆಂದರೆ, ಇಂಥ ಬಡಾವಣೆಗಳ ಶಿಶುವಿಹಾರಗಳ ಮೇಲೆ ನೆರೆಯವರು ಗದ್ದಲದ ದಾವೆ ಹೂಡಿ ಗೆಲ್ಲತೊಡಗಿದರು. ಕೊನೆಗೆ 2011ರಲ್ಲಿ ಸಂಸತ್ತೇ ಕಾನೂನು ತಿದ್ದಿ, ಮಕ್ಕಳ ಗಲಾಟೆ ಸಾಮಾನ್ಯವಾಗಿ ಹಾನಿಕರ ಶಬ್ದವಲ್ಲ ಎಂದು ಬರೆಯಬೇಕಾಯಿತು. 2013ರಲ್ಲಿ ಶುದ್ಧ ವಸತಿ ಪ್ರದೇಶದಲ್ಲೂ ಅಲ್ಲಿನವರ ಅಗತ್ಯಕ್ಕೆ ತಕ್ಕ ಶಿಶುವಿಹಾರಗಳಿಗೆ ಅವಕಾಶ ಸಿಕ್ಕಿತು.

ಹಾಗಾದರೆ ವಿರಳ ವಸತಿಗೆ ಸಕಾರಣವೇ ಇಲ್ಲವೇ? ಇದೆ. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಗೂ ಮಲಗುಂಡಿ, ಅದಕ್ಕೂ ಬಾವಿಗೂ ನಡುವೆ ಅಂತರ ಬೇಕೇಬೇಕು. ಅಲ್ಲಿ ದೊಡ್ಡ ನಿವೇಶನ ಆರೋಗ್ಯದ ಪ್ರಶ್ನೆ. ಕಡಿದಾದ ಇಳಿಜಾರು, ಪ್ರವಾಹದ ಬಯಲು, ಕಾಳ್ಗಿಚ್ಚಿನ ಅಂಚಿನಲ್ಲಿ ಒಂದೇ ದಾರಿಯಿರುವ ಗುಡ್ಡ ಇವುಗಳಿಗೂ ಮಿತಿ ಸರಿಯೇ. ಮಳೆನೀರು ಇಂಗಲು ಮಣ್ಣು ಉಳಿಯಬೇಕೆಂಬ ವಾದವೂ ಗಟ್ಟಿ. ಆದರೆ ಮಣ್ಣು ಉಳಿಯಬೇಕಾದರೆ ಸಿಮೆಂಟು ಬಳಿಯುವ ನೆಲಕ್ಕೆ ಮಿತಿ ಹಾಕಬೇಕು, ಒಲೆಗಳಿಗಲ್ಲ. ಮೇಲಿನ ಆರು ಕಾರುಗಳ ಹಿತ್ತಲನ್ನು ನೆನೆಯಿರಿ. ಒಳಚರಂಡಿ ಬಂದು ನಲವತ್ತು ವರ್ಷವಾದ ಮೇಲೂ ಮಲಗುಂಡಿಯ ಕಾಲದ ನಿವೇಶನದ ಅಳತೆ ಹಾಗೆಯೇ ಉಳಿದಿದ್ದರೆ ಅದು ಆರೋಗ್ಯದ ನಿಯಮವಾಗಿ ಉಳಿದಿಲ್ಲ ಎಂದೇ ಅರ್ಥ.

ವೆಚ್ಚದ ಮಾತನ್ನೂ ಆಡಬೇಕು. ರಸ್ತೆಯ ಎರಡೂ ಬದಿ ಮನೆಗಳಿದ್ದರೆ, ಹದಿನೈದು ಮೀಟರ್ ಮುಖದ ನಿವೇಶನದ ಪಾಲಿಗೆ ಬರುವ ರಸ್ತೆ, ನೀರಿನ ಕೊಳವೆ, ಚರಂಡಿ ತಲಾ ಏಳೂವರೆ ಮೀಟರ್. ಮುಖ ಮೂವತ್ತು ಮೀಟರಾದರೆ ಹದಿನೈದು. ಮೂವತ್ತು ವರ್ಷದ ನಂತರ ಅದನ್ನೆಲ್ಲ ಅಗೆದು ಹೊಸದಾಗಿ ಹಾಕುವಾಗ ಖರ್ಚು ಬೀಳುವುದು ಉದ್ದದ ಲೆಕ್ಕದಲ್ಲಿ. ಆಸ್ತಿ ತೆರಿಗೆ ಬರುವುದು ಸಾಮಾನ್ಯವಾಗಿ ಬೆಲೆಯ ಲೆಕ್ಕದಲ್ಲಿ. ಎರಡರ ನಡುವಿನ ಅಂತರವನ್ನು ತುಂಬುವವರಲ್ಲಿ ಇಕ್ಕಟ್ಟಿನ ಮನೆಗಳಲ್ಲಿರುವವರೂ ಇರುತ್ತಾರೆ.

2016ರಿಂದ ಈಚೆಗೆ ಈ ಬೇಲಿ ಕೀಳುವ ಪ್ರಯತ್ನಗಳು ಸಾಲಾಗಿ ನಡೆದಿವೆ. ಅಮೆರಿಕದ ಮಿನಿಯಾಪೊಲಿಸ್ ನಗರ 2018ರ ಡಿಸೆಂಬರಿನಲ್ಲಿ ಒಪ್ಪಿದ ಯೋಜನೆಯಲ್ಲಿ ಒಂಟಿ ಮನೆಯ ವಲಯವನ್ನೇ ತೆಗೆದು ಎಲ್ಲೆಡೆ ಮೂರು ಮನೆಗಳಿಗೆ ಅವಕಾಶ ಕೊಟ್ಟಿತು. ಜಗತ್ತೆಲ್ಲ ಸುದ್ದಿಯಾಯಿತು. ಕಟ್ಟಿದ ಮೂರು ಮನೆಯ ಕಟ್ಟಡಗಳು ಮಾತ್ರ ಬೆರಳೆಣಿಕೆಯೆನ್ನುವಷ್ಟು, ಯಾಕೆಂದರೆ ಬಡಾವಣೆಗಳ ಒಳಗಿನ ಕಟ್ಟಡದ ಗಾತ್ರದ ಮಿತಿ ಬಹುತೇಕ ಹಳೆಯದೇ ಆಗಿತ್ತು. ಆ ನಗರಕ್ಕೆ ಹೊಸ ಮನೆಗಳನ್ನು ತಂದುಕೊಟ್ಟದ್ದು ಹೆಚ್ಚಾಗಿ ಮುಖ್ಯರಸ್ತೆಗಳ ದೊಡ್ಡ ಕಟ್ಟಡಗಳು.

ಅಮೆರಿಕದ್ದೇ ಇನ್ನೊಂದು ನಗರ ಪೋರ್ಟ್‌ಲ್ಯಾಂಡ್ ಪಾಠ ಕಲಿತಂತಿದೆ. 2020ರಲ್ಲಿ ಒಪ್ಪಿ ಮರುವರ್ಷ ಜಾರಿಗೆ ತಂದ ಅದರ ನಿಯಮ ಮನೆಗಳ ಸಂಖ್ಯೆಗೂ ಗಾತ್ರಕ್ಕೂ ಗಂಟು ಹಾಕಿತು. ಅಲ್ಲಿನ ಸಾಮಾನ್ಯ ವಲಯವೊಂದರಲ್ಲಿ ಒಂದು ಮನೆಯಾದರೆ ಎಫ್‌ಎಆರ್ 0.5, ಎರಡಾದರೆ 0.6, ಮೂರಾದರೆ 0.7. ನಮ್ಮ ನಿವೇಶನಕ್ಕೆ ಹಚ್ಚಿದರೆ 225, 270, 315 ಚದರ ಮೀಟರ್. ಕಾರು ನಿಲ್ದಾಣದ ಕಡ್ಡಾಯವನ್ನೂ ಕೈಬಿಟ್ಟಿತು. ಈಗ ಬಂಗಲೆ ಕಟ್ಟುವವನಿಗೆ ಸಿಗದ ನೆಲ ಮೂರು ಮನೆ ಕಟ್ಟುವವನಿಗೆ ಸಿಗುತ್ತದೆ, ಲೆಕ್ಕ ತಿರುಗುತ್ತದೆ.

ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ನೆಲದ ಸುಮಾರು ಮುಕ್ಕಾಲು ಪಾಲಿನ ನಿಯಮ ಸಡಿಲಿಸಿತು, ಅದೂ ಅಂಕಿಯನ್ನಷ್ಟೇ ಅಲ್ಲ, ಎತ್ತರ, ಆವರಿಸುವ ನೆಲಗಳನ್ನೂ ಸೇರಿಸಿ. ವರ್ಷಕ್ಕೆ ಸುಮಾರು 10,000 ಇದ್ದ ಮನೆ ಕಟ್ಟುವ ಪರವಾನಗಿ 2022ರ ಹೊತ್ತಿಗೆ 20,000 ದಾಟಿತು. ಅಗ್ಗದ ಸಾಲದ ಕಾಲವೂ ಅದಾಗಿತ್ತು ಎಂಬುದನ್ನು ಮರೆಯಬಾರದು. ಆದರೆ ಹೆಚ್ಚಿದ್ದರಲ್ಲಿ ಬಹುಪಾಲು ಹಿಂದೆ ಕಟ್ಟಲು ಬಿಡದಿದ್ದ ಒತ್ತೊತ್ತಿನ ಸಾಲುಮನೆಗಳು.

ಕ್ಯಾಲಿಫೋರ್ನಿಯಾದ ಕಥೆ ಬೇರೆ. 2022ರ ಜನವರಿಯಿಂದ ಅಲ್ಲಿ ಒಂಟಿ ಮನೆಯ ನಿವೇಶನವನ್ನು ಎರಡು ಮಾಡಿ ಒಂದೊಂದರಲ್ಲಿ ಎರಡೆರಡು ಮನೆ ಕಟ್ಟಬಹುದು ಎಂಬ ರಾಜ್ಯದ ಕಾನೂನು ಜಾರಿಗೆ ಬಂತು. ಸಂರಕ್ಷಿತ ಪ್ರಾಣಿಗಳ ಆವಾಸಸ್ಥಾನಕ್ಕೆ ವಿನಾಯಿತಿಯಿತ್ತು. ಸಿರಿವಂತರ ವುಡ್‌ಸೈಡ್ ಎಂಬ ಊರು ಇದನ್ನು ಓದಿ, ನಮ್ಮ ಇಡೀ ಊರೇ ಪರ್ವತಸಿಂಹದ (ಪ್ಯೂಮಾ ಎಂಬ ಕಾಡುಪ್ರಾಣಿಯ) ಆವಾಸಸ್ಥಾನ, ಆದ್ದರಿಂದ ಈ ಕಾನೂನು ನಮಗೆ ತಗಲುವುದಿಲ್ಲ ಎಂದು ಘೋಷಿಸಿಬಿಟ್ಟಿತು. ಇರುವ ದೊಡ್ಡ ಬಂಗಲೆಗಳನ್ನು ಇನ್ನಷ್ಟು ಹಿಗ್ಗಿಸುವುದಕ್ಕೆ ಸಿಂಹದ ಅಡ್ಡಿಯಿರಲಿಲ್ಲ, ಎರಡನೇ ಒಲೆಗೆ ಮಾತ್ರ. ರಾಜ್ಯದ ಅಟಾರ್ನಿ ಜನರಲ್ ರಾಬ್ ಬೋಂಟಾ ಪತ್ರ ಬರೆದರು. ಊರಿನವರು ತುರ್ತು ಸಭೆ ಸೇರಿ ಘೋಷಣೆಯನ್ನು ಹಿಂತೆಗೆದುಕೊಂಡರು, ಎರಡು ಮನೆಯ ಅರ್ಜಿಗಳನ್ನು ತೆಗೆದುಕೊಳ್ಳಲು ಒಪ್ಪಿದರು.